ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಕ್ಕಳನ್ನು ಆಡಿಸುತ್ತ ಕಲಿಸುವ ಈ ಕೆಲಸಕ್ಕೆ ಹೊಸದಾಗಿ ಬಂದವರು ಅಂಗನವಾಡಿ ಕಾರ್ಯಕರ್ತೆಯಾಗಿರಲಿ, ಅತಿಥಿ ಶಿಕ್ಷಕರಾಗಿರಲಿ, ಥೆರಪಿ ಓದುತ್ತಿರುವ ಹುಡುಗಿಯಾಗಿರಲಿ, ಮೊದಲ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಎಷ್ಟು ಹೊತ್ತು ಆಟ ಆಡಿಸಬೇಕು ಮೇಡಂ, ಪಾಠ ಯಾವಾಗ ಶುರು ಮಾಡಬೇಕು?" ನಮ್ಮೂರು ಕುದೇರಿನ ತಾಯಂದಿರದು ಇನ್ನೂ ನೇರವಾದ ಮಾತು. "ಕೂಲಿ ಬುಟ್ಟು ಕರ್ಕೊಂಡು ಬಂದಿವ್ನಿ, ನೀವು ನೋಡಿದ್ರೆ ಆಟ ಆಡಿಸ್ತಾ ಕೂತಿದ್ದೀರಿ. ನಮ್ ಐದ ಮನೇಲೂ ಆಡ್ತಾನಲ್ಲ ಮೇಡಂ." ಎರಡೂ ನ್ಯಾಯವಾದ ಪ್ರಶ್ನೆಗಳು. ಒಂದು ದಿನದ ದುಡಿಮೆ ಬಿಟ್ಟು ಬಂದವರಿಗೆ ಉತ್ತರ ಕೊಡದೆ ಇರುವ ಹಾಗಿಲ್ಲ. ಈಗ ಬರೆಯುತ್ತಿರುವುದು ಆ ಉತ್ತರವನ್ನೇ, ಸ್ವಲ್ಪ ಸಾವಧಾನವಾಗಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡೋಣ. "20 ನಿಮಿಷ ಸುಮ್ಮನೆ ಕೂತು ಬರೆದರೆ 5 ನಿಮಿಷ ಆಟ" ಎನ್ನುವುದು ಬಹಳ ಕಡೆ ನಡೆಯುವ ಕ್ರಮ. ಅಲ್ಲಿ ಆಟ ಬರೀ ಕೂಲಿ. ಇನ್ನು ಕೆಲವರು ಮಗುವನ್ನು ಒಳಗೆ ಕರೆತರಲು ಮಾತ್ರ ಆಟಿಕೆ ತೋರಿಸಿ, ಮಗು ಚಾಪೆಯ ಮೇಲೆ ಕೂತ ಕೂಡಲೇ ಆಟಿಕೆ ಎತ್ತಿಟ್ಟು ಚಿತ್ರದ ಕಾರ್ಡು ಹೊರಗೆ ತೆಗೆಯುತ್ತಾರೆ. ಮಗು ಎರಡನೇ ವಾರಕ್ಕೆ ಆ ಉಪಾಯವನ್ನು ಕಂಡುಹಿಡಿಯುತ್ತದೆ, ಮೂರನೇ ವಾರಕ್ಕೆ ನಮ್ಮನ್ನು ನಂಬುವುದನ್ನು ಬಿಡುತ್ತದೆ. ನಾನು ಹೇಳುತ್ತಿರುವುದು ಬೇರೆ. ಯಾವ ಕೌಶಲ ಮಗುವಿಗೆ ಬೇಕಾಗಿದೆಯೋ ಅದಿಲ್ಲದೆ ಮುಂದೆ ಸಾಗದಂಥ ಆಟವನ್ನು ಹುಡುಕಬೇಕು. ಆಗ ಪಾಠ ಆಟದ ಹೊಟ್ಟೆಯೊಳಗೇ ಇರುತ್ತದೆ, ಅದಕ್ಕೆ ಬೇರೆ ಸಮಯ ಬೇಕಾಗುವುದಿಲ್ಲ.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಇಲ್ಲಿನ ಒಂದು ಮಗುವಿನಿಂದ. ಚಾಮರಾಜನಗರ ಜಿಲ್ಲೆಯ ಜನಕ್ಕೆ ಕುದೇರು ಎಂದರೆ ಹಾಲು. ಚಾಮುಲ್, ಅಂದರೆ ನಮ್ಮ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೈರಿ ಇರುವುದು ಇಲ್ಲೇ. ಇಲ್ಲಿನ ಮಕ್ಕಳು ಕಣ್ಣುಬಿಟ್ಟಾಗಿನಿಂದ ಕ್ಯಾನು, ಅಳತೆ, ಪಾಸ್‌ಬುಕ್ಕು, ಬೆಳಗಿನ ಸಾಲು, ಇವನ್ನು ನೋಡಿಕೊಂಡೇ ಬೆಳೆದವರು. ಅಂಥ ಮನೆಯಿಂದ ಬಂದ ಆರು ವರ್ಷದ ಕೂಸು ಒಂದಿತ್ತು. ಕಿವಿ ಕೇಳುತ್ತದೆ, ಹೇಳಿದ್ದು ಅರ್ಥವಾಗುತ್ತದೆ, ಆದರೆ ಬಾಯಿಂದ ಎರಡು ಮೂರು ಮಾತಿನ ಮೇಲೆ ಬಾರದು. ನಾನು ಮೂರು ವಾರ ಚಿತ್ರದ ಕಾರ್ಡು ಹಿಡಿದು "ಇದೇನು ಪುಟ್ಟಿ? ಇದೇನು?" ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿದಳು. ತಪ್ಪು ನನ್ನದೇ. ಕಾರ್ಡಿನಲ್ಲಿರುವುದು ಹಸು ಎಂದು ನನಗೆ ಗೊತ್ತು, ನನಗೆ ಗೊತ್ತು ಎಂದು ಅವಳಿಗೂ ಗೊತ್ತು. ಗೊತ್ತಿರುವವರಿಗೆ ಯಾರು ಯಾಕೆ ಉತ್ತರ ಹೇಳಬೇಕು?

ನಾಲ್ಕನೇ ವಾರ ಅವಳು ತಾನಾಗಿ ಒಂದು ಪ್ಲಾಸ್ಟಿಕ್ ಮಗ್ಗಿನಿಂದ ಲೋಟಕ್ಕೆ, ಲೋಟದಿಂದ ಮಗ್ಗಿಗೆ ನೀರು ಸುರಿಯುತ್ತ ಕೂತಳು. ತಡೆಯಬೇಡಿ ಎಂದು ಪಕ್ಕದಲ್ಲಿದ್ದ ಟೀಚರಿಗೆ ಸನ್ನೆ ಮಾಡಿದೆ. ಮುಂದಿನ ವಾರ ಒಂದು ಅಳತೆ ಪಾತ್ರೆ, ಆಲಿಕೆ, ಹಳೆಯ ನೋಟುಬುಕ್ಕು, ಬಿಂದಿಗೆ ನೀರು ತಂದಿಟ್ಟೆ. ಅವಳು ಡೈರಿ ಅಕ್ಕ, ನಾವೆಲ್ಲ ಹಾಲು ಹಾಕುವವರು. ನಾನು ಲೋಟ ಹಿಡಿದು ಸಾಲಿನಲ್ಲಿ ನಿಂತೆ. "ಹಾಲು ಹಾಕ್ಕೊಳ್ಳಕ್ಕ." ಸುರಿದುಕೊಂಡಳು, ಪುಸ್ತಕದಲ್ಲಿ ಗೀಚಿದಳು. ಎರಡನೇ ಸುತ್ತು, ಮೂರನೇ ಸುತ್ತು, ಹೀಗೇ. ನಾಲ್ಕನೇ ಸುತ್ತಿಗೆ ನಾನು ಸುಮ್ಮನೆ ಲೋಟ ಚಾಚಿ ನಿಂತೆ, ಬಾಯಿ ತೆಗೆಯಲಿಲ್ಲ. ಅವಳು ನನ್ನ ಮುಖ ನೋಡಿದಳು, ಲೋಟ ನೋಡಿದಳು, ಹುಬ್ಬು ಗಂಟಿಕ್ಕಿ ಹೇಳಿದಳು: "ನೀರು! ನೀರಾಕಿದೀಯ!"

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಹಾಲಿಗೆ ನೀರು ಬೆರೆಸಿದ್ದೇನೆ ಎಂದು ನನ್ನ ಮೇಲೆ ಹೊರಿಸಿದ ಆರೋಪ! ನಾನು "ಇಲ್ಲಕ್ಕ, ಗಟ್ಟಿ ಹಾಲು" ಎಂದೆ. ಅವಳು ಒಪ್ಪಲಿಲ್ಲ. ಒಪ್ಪದೆ ಇರಲು ಮಾತು ಬೇಕಲ್ಲ, ಮಾತು ಬಂತು. ಸಾಲಿನಲ್ಲಿ ಹಿಂದೆ ನಿಂತಿದ್ದ ಮಕ್ಕಳೂ ದನಿಗೂಡಿಸಿದರು. ಆ ದಿನ ಅವಳಾಡಿದ ಮಾತುಗಳನ್ನು ನಾನು ಪುಸ್ತಕದಲ್ಲಿ ಒಂದೊಂದಾಗಿ ಬರೆದುಕೊಂಡೆ: ನೀರು, ಆಕಿದೀಯ, ಬೇಡ, ಹೋಗು, ಇನ್ನೊಂದು, ನಿಂದು ಕಮ್ಮಿ.

ಇಲ್ಲಿ ನಡೆದದ್ದೇನು ಎಂದು ಹೊಸಬರು ಬಿಡಿಸಿ ನೋಡಬೇಕು. ಆಟದಲ್ಲಿ ಅವಳಿಗೊಂದು ಸ್ಥಾನ ಸಿಕ್ಕಿತು. ಕೇಳುವವಳು ಅವಳು, ಉತ್ತರ ಕೊಡಬೇಕಾದವಳು ನಾನು. ಅವಳಿಗೆ ಗೊತ್ತಿರುವ ಲೋಕ ಅದು, ಗೊತ್ತಿಲ್ಲದ್ದು ನನಗೆ. ಎಲ್ಲಕ್ಕಿಂತ ಮುಖ್ಯವಾದದ್ದು, ನಾನು ಸುಮ್ಮನಿದ್ದದ್ದು. ವಾಕ್ ಚಿಕಿತ್ಸೆಯವರು ಹೊಸಬರಿಗೆ ಮೊದಲು ಕಲಿಸುವುದು ಮಾತಾಡಿಸುವುದನ್ನಲ್ಲ, ಕಾಯುವುದನ್ನು. ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ನಮಗೆ ಅದು ಬಹಳ ಉದ್ದ ಅನ್ನಿಸುತ್ತದೆ. ಮಾತು ಕಟ್ಟಿಕೊಳ್ಳುತ್ತಿರುವ ಮಗುವಿಗೆ ಅಷ್ಟು ಹೊತ್ತು ಬೇಕೇ ಬೇಕು. ಮೂರಕ್ಕೆ ನಾವು ಬಾಯಿ ಹಾಕಿದರೆ ನಾಲ್ಕಕ್ಕೆ ಬರುತ್ತಿದ್ದ ಮಾತು ಒಳಗೇ ಉಳಿದುಹೋಗುತ್ತದೆ.

ಇನ್ನೂ ಚಿಕ್ಕ ಮಕ್ಕಳಿಗೆ, ಅಥವಾ ಆಟಿಸಂ ಇರುವ, ಎದುರಿಗಿರುವವರ ಕಡೆ ಕಣ್ಣು ಕೊಡದ ಮಕ್ಕಳಿಗೆ ಡೈರಿ ಆಟ ದೂರದ ಮಾತು. ಅಲ್ಲಿ ಶುರುವಾಗಬೇಕಾದದ್ದು ಚೆಂಡಿನಿಂದ. ಕಾಲು ಅಗಲಿಸಿ ಎದುರುಬದುರು ಕೂತು ಚೆಂಡು ಉರುಳಿಸಿ, ಅದು ವಾಪಸು ಬರಲಿ. ಮಗು ಚೆಂಡನ್ನು ಬೇಡವೆಂದು ಆಟದ ಗಾಡಿಯ ಚಕ್ರವನ್ನೇ ತಿರುಗಿಸುತ್ತ ಕೂತರೆ ಗಾಡಿ ಕಿತ್ತುಕೊಳ್ಳಬೇಡಿ. ಇನ್ನೊಂದು ಗಾಡಿ ತಂದು ಪಕ್ಕದಲ್ಲಿ ಕೂತು ನೀವೂ ತಿರುಗಿಸಿ. ಆಮೇಲೆ ನಿಲ್ಲಿಸಿ. ನಿಂತದ್ದನ್ನು ಮಗು ಒಮ್ಮೆ ಓರೆಗಣ್ಣಿನಲ್ಲಿ ನೋಡಿದರೂ ಆ ದಿನದ ಕೆಲಸ ಆಯಿತು. "ನನ್ನದು, ಈಗ ನಿನ್ನದು" ಎಂಬ ಸರದಿ ಮಾತಿಗೂ ಆಟಕ್ಕೂ ಮೊದಲ ಮೆಟ್ಟಿಲು. ಮಾತುಕತೆ ಎಂದರೂ ಸರದಿಯೇ ಅಲ್ಲವೇ?

ತರಗತಿಯ ಶಿಕ್ಷಕರು ಇಲ್ಲಿ ಬಂದು ಕೇಳುತ್ತಾರೆ: "ಒಂದು ಮಗು ಆದರೆ ಸರಿ ಮೇಡಂ, 30 ಮಕ್ಕಳಿಗೆ?" ಅವರಿಗೆ ನಾನು ಮೊದಲು ನೆನಪಿಸುವುದು ನಮ್ಮದೇ ನಲಿ-ಕಲಿಯನ್ನು. ಅದು ಹುಟ್ಟಿದ್ದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಗ ನಾವಿನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದೆವು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ತಾವೇ ಕೂತು ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲುಗಳನ್ನು ಮಾಡಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂರುವುದು, ತಲೆಯ ಮೇಲೆ ಕಲಿಕಾ ಚಪ್ಪರ, ಮಗುವಿನ ಕೈಗೆಟುಕುವ ಗೋಡೆ ಹಲಗೆ, ಇವನ್ನೆಲ್ಲ ನೀವು ನೋಡಿದ್ದೀರಿ. ಒಂದು ಗುಂಪು ಶಿಕ್ಷಕರ ಜೊತೆ ಇರುವಾಗ ಇನ್ನೊಂದು ಗುಂಪು ತಾನೇ ಕಲಿಯುತ್ತಿರುತ್ತದೆ. ಆ ಸ್ವಕಲಿಕೆಯ ಗುಂಪಿಗೆ ಆಟ ಕೊಡಿ. 30 ಮಕ್ಕಳನ್ನು ಒಟ್ಟಿಗೆ ಆಡಿಸಲು ಹೋದರೆ ಗದ್ದಲ. ಆರು ಮಕ್ಕಳ ಆಟ ಒಂದು ಮೂಲೆಯಲ್ಲಿ ತಾನೇ ನಡೆಯುತ್ತದೆ.

ಆಟದಲ್ಲಿ ಮಗು ಯಾಕೆ ತನ್ನ ಅಳತೆ ಮೀರಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರಲ್ಲೇ ಉತ್ತರ ಹುಡುಕಿದ್ದರು: ನಿಯಮಕ್ಕೆ ಬಗ್ಗುವುದು ಆಟದಲ್ಲಿ ಶಿಕ್ಷೆಯಾಗಿ ಕಾಣುವುದಿಲ್ಲ, ಅದೇ ಆಟದ ಸುಖ. ಅವರ ನಂತರ ಮನುಯಿಲೆಂಕೊ ಎಂಬ ಸಂಶೋಧಕಿ ಮಕ್ಕಳಿಗೆ ಅಲುಗಾಡದೆ ನಿಲ್ಲಲು ಹೇಳಿ ನೋಡಿದರು. ಸುಮ್ಮನೆ ನಿಲ್ಲು ಎಂದಾಗ ಬೇಗ ಸೋತ ಪುಟ್ಟ ಮಕ್ಕಳು, ಕಾವಲುಗಾರನ ಪಾತ್ರ ಕೊಟ್ಟಾಗ ಬಹಳ ಹೊತ್ತು ನಿಂತರು. ನಮ್ಮ ಹಟ್ಟಿಯ ಮಕ್ಕಳನ್ನೇ ನೋಡಿ. ಪ್ರಾರ್ಥನೆಗೆ ಎರಡು ನಿಮಿಷ ನಿಲ್ಲಲಾರದ ಹೈದ "ಸ್ಟ್ಯಾಚ್ಯೂ" ಅಂದ ಕೂಡಲೇ ಒಂಟಿ ಕಾಲಲ್ಲಿ, ಕಣ್ಣು ಮಿಟುಕಿಸದೆ ನಿಂತುಬಿಡುತ್ತಾನೆ.

ಇನ್ನು ನನಗೆ ಬಹಳ ಪ್ರೀತಿಯ ವಿಷಯಕ್ಕೆ ಬರುತ್ತೇನೆ, ಚೌಕಾಬಾರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆ ಆಟಗಳನ್ನು ತಾವೇ ಕಟ್ಟಿದ ದೊರೆ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂದು ನಿಧಿ ಆಟಗಳಿಗೆ ಜಾಗ ಕೊಟ್ಟಿರುವ ಕೌತುಕನಿಧಿ. ಅರಿಕುಠಾರಕ್ಕೆ ತಂದೆಯ ನೆನಪಿನಲ್ಲಿ ಚಾಮರಾಜನಗರ ಎಂದು ಹೆಸರಿಟ್ಟವರೂ, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದವರೂ ಅವರೇ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ. ಆದರೆ ಚೌಕಾಬಾರಕ್ಕೆ ಅರಮನೆ ಬೇಕಿಲ್ಲ, ಸೀಮೆಸುಣ್ಣ ಸಾಕು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಉದ್ದಕ್ಕೆ 5, ಅಡ್ಡಕ್ಕೆ 5, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ನಾಲ್ಕು ಬದಿಯ ನಡುಮನೆಗಳಿಗೆ ಕತ್ತರಿಗೆರೆ ಎಳೆದರೆ ಅವು ಕಟ್ಟೆ; ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ಕು ಕವಡೆ ಎಸೆದು, ಅಂಗಾತ ಬಿದ್ದದ್ದು ಎಷ್ಟೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, 4. ನಾಲ್ಕೂ ಕವುಚಿಕೊಂಡರೆ ಬಾರ, 8. ಇವೆರಡಕ್ಕೂ ಇನ್ನೊಂದು ಗರ ಸಿಗುತ್ತದೆ. ಹೊರಸುತ್ತು ಮುಗಿಸಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದು, ಒಳಸುತ್ತು ಹೊಕ್ಕು ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಪೂರ್ತಿ ಆಟಕ್ಕೆ ಒಂದು ಗಂಟೆಗೂ ಮೇಲೆ ಬೇಕು. ನಮಗಿರುವುದು 40 ನಿಮಿಷದ ಪೀರಿಯಡ್ಡು. ಅದಕ್ಕೇ ಶುರುವಿನಲ್ಲಿ ತಲೆಗೆ ಒಂದೇ ಕಾಯಿ ಕೊಡುತ್ತೇನೆ.

ಮೂರನೇ ತರಗತಿಯ ಒಬ್ಬ ಹೈದನಿಗೆ ಕೂಡುವ ಲೆಕ್ಕ ಯಾವಾಗಲೂ ಒಂದು ಕಡಿಮೆ ಬರುತ್ತಿತ್ತು. 5ಕ್ಕೆ 3 ಕೂಡು ಎಂದರೆ 7 ಬರೆಯುತ್ತಿದ್ದ. ಕೆಂಪು ಮಸಿಯಲ್ಲಿ ತಿದ್ದಿದರು, ಮಗ್ಗಿ ಹೇಳಿಸಿದರು, ಬೈದರು. ಚೌಕಾಬಾರಕ್ಕೆ ಕೂರಿಸಿದ ದಿನ ಅವನಿಗೆ ಮೂರು ಬಿತ್ತು. ಕಾಯಿ ಹಿಡಿದು, ಅದು ಕೂತಿದ್ದ ಮನೆಯನ್ನೇ ಕುಟ್ಟಿ "ಒಂದು" ಎಂದ. ಮುಂದಿನದು ಎರಡು, ಅದರ ಮುಂದಿನದು ಮೂರು. ಆಗ ಕಂಡಿತು ನೋಡಿ! ನೋಟುಬುಕ್ಕಿನಲ್ಲೂ ಅವನು ಮಾಡುತ್ತಿದ್ದುದು ಇದನ್ನೇ: ಐದರಿಂದಲೇ ಹೊರಟು ಐದು, ಆರು, ಏಳು ಎಂದು ಮೂರು ಬೆರಳು ಮಡಚುತ್ತಿದ್ದ. ದಡ್ಡತನವಲ್ಲ, ನಿಂತ ಜಾಗವನ್ನೂ ಹೆಜ್ಜೆಯೆಂದು ಎಣಿಸುತ್ತಿದ್ದ, ಅಷ್ಟೆ. ಪುಸ್ತಕದಲ್ಲಿ ಬರೀ ತಪ್ಪು ಉತ್ತರ ಕಾಣುತ್ತಿತ್ತು, ಮಣೆಯ ಮೇಲೆ ತಪ್ಪಿನ ದಾರಿ ಕಂಡಿತು.

ನಾನು ಹೇಳುವ ಮುಂಚೆಯೇ ಪಕ್ಕದ ಹುಡುಗಿ ಕೂಗಿದಳು, "ಕೂತಿರೋ ಮನೆ ಎಣಿಸ್ಬಾರ್ದು ಕಣೋ, ಕಾಯಿ ಎದ್ದು ಹೋಗ್ಬೇಕು." ಸರಿಯಾಗಿ ಎಣಿಸಿದ್ದರೆ ಅವನ ಕಾಯಿ ಕಟ್ಟೆ ಸೇರುತ್ತಿತ್ತು. ಅದು ಅವನ ಮನಸ್ಸಿಗೆ ನಾಟಿತು. ಕಾಯಿ ಎತ್ತಿ ಗಾಳಿಯಲ್ಲಿ ಹಿಡಿದುಕೊಂಡು, ಮುಂದಿನ ಮನೆಗೆ ಇಡುತ್ತ "ಒಂದು" ಎನ್ನುವುದನ್ನು ಅವನೇ ಅಭ್ಯಾಸ ಮಾಡಿಕೊಂಡ. ಆಮೇಲೆ ನಾನು ನೋಟುಬುಕ್ಕು ತೆಗೆದು, "ಐದರ ಮನೇಲಿ ಕೂತಿದ್ದೀಯ, ಗರ ಮೂರು" ಎಂದು ಹೇಳಬೇಕಾಯಿತು. ಆಟದಿಂದ ಪುಸ್ತಕಕ್ಕೆ ಈ ಹಲಗೆಯನ್ನು ನಾವೇ ಹಾಕಬೇಕು. ಮಗು ತಾನಾಗಿ ದಾಟುತ್ತದೆ ಎಂದು ಕೈಬಿಟ್ಟರೆ ಹಲವು ಮಕ್ಕಳು ದಾಟುವುದಿಲ್ಲ.

ಗಮನ ನಿಲ್ಲದ ಮಕ್ಕಳಿಗೂ ಈ ಆಟ ಒಳ್ಳೆಯದು. ನಾಲ್ವರು ಕೂತರೆ ನಾಲ್ಕರಲ್ಲಿ ಮೂರು ಸಲ ಕಾಯಬೇಕು. ಆದರೆ ಅದು ಬರಿದಾದ ಕಾಯುವಿಕೆಯಲ್ಲ. ಬೇರೆಯವರ ಗರದಲ್ಲಿ ನನ್ನ ಕಾಯಿಯ ಗತಿಯೂ ಇದೆ, ನೋಡುತ್ತಿರಲೇಬೇಕು. ಕಾಯಿ ಹೊಡೆಸಿಕೊಂಡಾಗ ಮಣೆ ಅಳಿಸಿ ಓಡಿಹೋಗುವ ಮಕ್ಕಳೂ ಇರುತ್ತಾರೆ. ಅವರನ್ನು ಯಾವಾಗಲೂ ಗೆಲ್ಲಿಸಬೇಡಿ, ಜೊತೆಯ ಮಕ್ಕಳಿಗೆ ಅದು ಕೂಡಲೇ ತಿಳಿಯುತ್ತದೆ. ಮೊದಲ ಕೆಲವು ದಿನ, ಹೊಡೆಸಿಕೊಂಡ ಕಾಯಿ ಮೊದಲ ಮನೆಗೆ ಹೋಗದೆ ಹಿಂದಿನ ಕಟ್ಟೆಗೆ ಮಾತ್ರ ಹೋಗಲಿ ಎಂದು ಎಲ್ಲರೂ ಒಪ್ಪಿ ಆಡಬಹುದು. ನಿಮ್ಮ ಕಾಯಿ ಹೋದಾಗ ಬಾಯಿಬಿಟ್ಟು ಹೇಳಿ: "ಅಯ್ಯೋ ಹೋಯ್ತಲ್ಲ, ಹೊಟ್ಟೆ ಉರೀತದೆ. ಇರಲಿ, ಮತ್ತೆ ಗರ ಹಾಕ್ತೀನಿ." ದೊಡ್ಡವರಿಗೂ ಹೊಟ್ಟೆ ಉರಿಯುತ್ತದೆ, ಆದರೂ ಕೂತಿರುತ್ತಾರೆ ಎಂಬುದನ್ನು ಮಗು ಕಣ್ಣಾರೆ ನೋಡಬೇಕು.

ತರಗತಿಯಲ್ಲಿ ನನಗೆ ಹಿಡಿಸದ ಒಂದು ಬಗೆಯ ಆಟವಿದೆ, ತಪ್ಪಿದವರು ಔಟ್ ಆಗುವ ಆಟ. ಅಕ್ಷರ ಹೇಳು, ತಪ್ಪಿದರೆ ಔಟ್. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಆ ಮಗುವೇ ಮೊದಲು ಹೊರಗೆ ಕೂರುತ್ತದೆ. ಎಲ್ಲ ಬರುವ ಮಗು ಕೊನೆತನಕ ಆಡುತ್ತದೆ. ಲಗೋರಿಯಂಥ ತಂಡದ ಆಟವಾದರೆ, ಅಥವಾ ಔಟ್ ಆದವರು ಮುಂದಿನ ಸುತ್ತಿಗೆ ಮರಳಿ ಬರುವ ಹಾಗಿದ್ದರೆ ಆ ಅನ್ಯಾಯ ಇರುವುದಿಲ್ಲ.

ಇಲ್ಲೇ ಒಂದು ಮಾತು. ಕೇರಿಯಲ್ಲಿ ದೊಡ್ಡ ಮಕ್ಕಳು ಆಡುವಾಗ ಅಳುವ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುತ್ತಾರಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು. ಅವನು ಓಡುತ್ತಾನೆ, ಯಾರೂ ಹಿಡಿಯುವುದಿಲ್ಲ. ಪುಟ್ಟ ತಮ್ಮ ಬೆಳೆಯುತ್ತಾನೆ, ಮುಂದಿನ ವರ್ಷ ಲೆಕ್ಕಕ್ಕೆ ಬರುತ್ತಾನೆ. ಅಂಗವಿಕಲ ಮಗುವಿಗೆ ಆ ಮುಂದಿನ ವರ್ಷ ಬರುವುದೇ ಇಲ್ಲ. 2016ರ ಕಾನೂನು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಹೆಸರು ಹಾಜರಿ ಪುಸ್ತಕದಲ್ಲಿದೆ, ಬಿಸಿಯೂಟದ ತಟ್ಟೆಯೂ ಇದೆ. ಆದರೆ ಕುಂಟೆಬಿಲ್ಲೆ ಶುರುವಾದಾಗ ಕಾಲು ಬಲವಿಲ್ಲದ ಹುಡುಗಿ ಜಗಲಿಯ ಮೇಲೆ ಎಲ್ಲರ ಚಪ್ಪಲಿ ಕಾಯುತ್ತಾಳೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಕ್ಕಳನ್ನೇ ಕೇಳಿ: "ಇವಳು ಲೆಕ್ಕಕ್ಕೆ ಬರಬೇಕಾದರೆ ನಿಯಮ ಏನಾಗಬೇಕು?" ನಾನು ಕೇಳಿದಾಗ ಒಂದು ಗುಂಪು ಕೊಟ್ಟ ಉತ್ತರ ನನಗೆ ಹೊಳೆದಿರಲಿಲ್ಲ. ಅವಳು ಎರಡು ಕಾಲಲ್ಲೂ ನಡೆಯಬಹುದು, ಆದರೆ ಬಿಲ್ಲೆಯನ್ನು ಎರಡು ಹೆಜ್ಜೆ ಹಿಂದಿನಿಂದ ಎಸೆಯಬೇಕು. ಗೆರೆ ತುಳಿದರೆ ಅವಳೂ ಔಟ್. ಮೊದಲ ದಿನವೇ ಗೆರೆ ತುಳಿದಳು. "ಔಟ್" ಎಂದು ಎಲ್ಲರೂ ಕಿರುಚಿದರು. ಅವಳು ಜಗಳಕ್ಕೆ ನಿಂತಳು.

ಥೆರಪಿಯ ಇನ್ನೊಂದು ಬಗೆಯನ್ನು ಚಿಕ್ಕದಾಗಿ ಹೇಳಬೇಕು, ಏಕೆಂದರೆ ಹೊಸಬರು ಅದನ್ನೂ ಇದನ್ನೂ ಬೆರೆಸಿಬಿಡುತ್ತಾರೆ. ಮನೆಯಲ್ಲಿ ಸಾವು, ಹೊಡೆತ, ಭಯ ಕಂಡ ಮಕ್ಕಳ ಮನಸ್ಸಿನ ಗಾಯಕ್ಕೆ ಆಟದ ಮೂಲಕ ನೀಡುವ ಚಿಕಿತ್ಸೆ ಬೇರೆಯೇ. ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಅಲ್ಲಿ ದಾರಿ ತೋರುವುದು ಮಗು, ಹಿಂದೆ ನಡೆಯುವುದು ದೊಡ್ಡವರು. ಅದಕ್ಕೆ ತರಬೇತಿ ಬೇಕು. ಮಗು ಗೊಂಬೆಯನ್ನು ಮಣ್ಣಲ್ಲಿ ಹೂತರೆ "ಯಾಕೆ ಹೂತೆ, ಯಾರದು?" ಎಂದು ಕೆದಕಬೇಡಿ, ಅರ್ಥ ಹೇಳಲು ಹೋಗಬೇಡಿ. ಪಕ್ಕದಲ್ಲಿ ಕೂತಿರಿ. ಅದು ಮತ್ತೆ ಮತ್ತೆ ಆದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕಳಿಸಿ. ಮಾತು, ಕಿವಿಯ ತೊಂದರೆ ಅನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ, ಆಯಿಷ್, ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಮಕ್ಕಳ ಆರೋಗ್ಯ ತಪಾಸಣೆಗೆ ಬರಬೇಕಾದ ಆರ್‌ಬಿಎಸ್‌ಕೆ ತಂಡ ಬಂದ ದಿನ ನಿಮ್ಮ ಸಂಶಯವನ್ನು ಬಾಯಿಬಿಟ್ಟು ಹೇಳಿ. ಆಡಿಸುತ್ತ ನೀವು ಕಂಡದ್ದು, ಐದು ನಿಮಿಷ ತಪಾಸಣೆ ಮಾಡುವ ವೈದ್ಯರಿಗೆ ಕಾಣುವಂಥದ್ದಲ್ಲ.

ಅದಕ್ಕೇ ಬರೆದಿಡಬೇಕು ಎನ್ನುವುದು. "ಚೆನ್ನಾಗಿ ಆಡಿದ" ಎಂದಲ್ಲ. "ಹೇಳಿಸಿಕೊಳ್ಳದೆ ನಾಲ್ಕು ಸಲ ಸರದಿ ಕಾದ, ಹೋದ ವಾರ ಒಂದು ಸಲ" ಎಂದು. ಕೂಲಿ ಬಿಟ್ಟು ಬಂದ ಆ ತಾಯಿಗೆ ನಾನು ತೋರಿಸಿದ್ದು ಈ ಸಾಲನ್ನೇ. ಅವರಿಗೆ ಓದಲು ಬಾರದು, ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕವಡೆ ಎಲ್ಲಿ ಸಿಕ್ತದೆ ಮೇಡಂ?" ಎಂದು ಕೇಳಿದರು.

ಕವಡೆ ಬೇಡ, ಹುಣಸೆ ಬೀಜ ಸಾಕು. ಗುಲಗಂಜಿ ಮಾತ್ರ ಬೇಡ. ಅಳಗುಳಿಮಣೆಗೆ ಅದನ್ನು ಬಳಸುವವರಿದ್ದಾರೆ, ಆದರೆ ಕಚ್ಚಿ ನುಂಗಿದರೆ ಅದು ವಿಷ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಯಾವ ಬೀಜವೂ ಕೈಗೆ ಸಿಗದ ಹಾಗೆ ಡಬ್ಬಿಯಲ್ಲಿಡಿ, ಮೂಗಿಗೂ ಕಿವಿಗೂ ತುರುಕಿಕೊಳ್ಳುತ್ತದೆ. ದಪ್ಪನೆಯ, ಚಪ್ಪಟೆಯಾದ ನಾಲ್ಕು ಬೀಜ ಆರಿಸಿ. ಒಂದು ಬದಿಯನ್ನು ಜಗಲಿಯ ಕಲ್ಲಿಗೆ ಉಜ್ಜಿ. ಮಗುವೇ ಉಜ್ಜಲಿ, ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಸೀಮೆಸುಣ್ಣ ಹಿಡಿಯುವ ಕೈಗೆ ಅದೂ ಒಂದು ಅಭ್ಯಾಸ. ಬೀಜ ಬಿಸಿಯಾಗುತ್ತದೆ, ನಡುನಡುವೆ ನಿಲ್ಲಿಸಿ. ಕಂದು ಸಿಪ್ಪೆ ಹೋಗಿ ಬಿಳಿ ತಿರುಳು ಪೂರ್ತಿ ಕಂಡರೆ ಸಾಕು. ಬಿಳಿ ಮೇಲಾದರೆ ಅಂಗಾತ, ಕಂದು ಮೇಲಾದರೆ ಕವುಚಿದ್ದು.